ಇಂಜಿನಿಲ್ಲದಿದ್ದರೂ ಅದು ವಾಹನವೇ

ಬದಿಯಡ್ಕದ ಕಡೆಯ ಮನೆಯೊಂದರ ಅಂಗಳದಲ್ಲಿ ತಂದೆಯ ಕಾಲದ ಬುಲೆಟ್ ನಿಂತಿದೆ ಎಂದು ಭಾವಿಸಬಹುದು. ಮಗನಿಗೆ ಮೈಸೂರಿನಲ್ಲಿ ಉದ್ಯೋಗ. ತಂದೆಯ ನೆನಪಿನ ಆ ಗಾಡಿಯನ್ನು ಅಲ್ಲಿಗೆ ಒಯ್ದು ದುರಸ್ತಿ ಮಾಡಿಸಬೇಕೆಂಬುದು ಅವನ ಆಸೆ. ನೋಂದಣಿಯ 15 ವರ್ಷಗಳ ಅವಧಿ ಮುಗಿದಿದೆ, ವಿಮೆಯೂ ಇಲ್ಲ. ಆದುದರಿಂದ ಓಡಿಸಿಕೊಂಡು ಹೋಗುವಂತಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಚಕ್ರದ ಸಣ್ಣ ಟ್ರೈಲರೊಂದನ್ನು ಮಾಡಿಸಿ, ಕಾರಿನ ಹಿಂದೆ ಕಟ್ಟಿ, ಸಂಪಾಜೆ ಘಾಟಿ ಹತ್ತಿಸಿದರಾಯಿತು ಎಂಬುದು ಗೆಳೆಯರ ಸಲಹೆ.

ಸಲಹೆ ಸುಲಭ, ಕಾನೂನು ಅಷ್ಟು ಸುಲಭವಲ್ಲ. 1988ರ ಮೋಟಾರು ವಾಹನ ಕಾಯಿದೆಯ 2(28)ನೇ ಕಲಮು 'ಮೋಟಾರು ವಾಹನ' ಎಂಬ ಪದದ ವ್ಯಾಪ್ತಿಯಲ್ಲಿ ಟ್ರೈಲರನ್ನೂ ಸೇರಿಸಿದೆ. ತನ್ನದೇ ಇಂಜಿನು ಇಲ್ಲದಿದ್ದರೂ, ಇನ್ನೊಂದು ವಾಹನ ಎಳೆದರೆ ಮಾತ್ರ ಚಲಿಸುವಂತಹುದಾದರೂ, ಅದು ಕಾನೂನಿನ ಕಣ್ಣಿಗೆ ವಾಹನವೇ. ಆದ ಕಾರಣ 39ನೇ ಕಲಮಿನಂತೆ ಅದಕ್ಕೆ ನೋಂದಣಿ ಬೇಕು. 146ನೇ ಕಲಮಿನಂತೆ ಮೂರನೇ ವ್ಯಕ್ತಿಯ ಅಪಾಯಕ್ಕೆ ವಿಮೆ ಬೇಕು. 61ನೇ ಕಲಮಿನಂತೆ ಎಳೆಯುವ ಕಾರಿನ ನೋಂದಣಿ ಸಂಖ್ಯೆಯನ್ನು ಟ್ರೈಲರಿನ ಮೇಲೂ ಪ್ರದರ್ಶಿಸಬೇಕು. ಇಲ್ಲಿರುವ ವಿಪರ್ಯಾಸವೆಂದರೆ, ಮೇಲೆ ಕುಳಿತ ಬುಲೆಟ್ ಆ ಹೊತ್ತಿಗೆ ಕೇವಲ ಸರಕು. ಕೆಳಗಿರುವ ಕಬ್ಬಿಣದ ಚೌಕಟ್ಟೇ ದಾಖಲೆಗಳನ್ನು ಕೇಳುವ ವಾಹನ.

ನೋಂದಣಿಯಿಲ್ಲದೆ ರಸ್ತೆಗಿಳಿಸಿದರೆ 192ನೇ ಕಲಮಿನ ಪ್ರಕಾರ ಮೊದಲ ಸಲಕ್ಕೆ 2,000ದಿಂದ 5,000 ರೂಪಾಯಿಗಳವರೆಗೆ ದಂಡವಿದೆ. ದಂಡವನ್ನು ಕಟ್ಟಿ ಮರೆಯಬಹುದು. ಮರೆಯಲಾಗದ್ದು ಬೇರೆಯೇ ಇದೆ. ಇಳಿಜಾರಿನ ತಿರುವಿನಲ್ಲಿ ಕೊಂಡಿ ಕಳಚಿ, ಟ್ರೈಲರು ರಸ್ತೆಯ ಬದಿಯಲ್ಲಿ ನಡೆಯುತ್ತಿದ್ದವನ ಮೇಲೆ ಹರಿದರೆ ಪರಿಹಾರವನ್ನು ಯಾರು ಕೊಡಬೇಕು? ಕಾರಿನ ವಿಮಾಪತ್ರದಲ್ಲಿ ಟ್ರೈಲರಿನ ಉಲ್ಲೇಖವಿಲ್ಲದಿದ್ದರೆ ವಿಮಾ ಕಂಪೆನಿ ಕೈಕೊಡವಲು ನೋಡುವುದು ಸಹಜ. ಆಗ ಹೊಣೆ ಮಾಲಿಕನ ಮನೆ, ತೋಟಗಳವರೆಗೆ ಬರಬಹುದು. ಗಾಯಾಳುವಿನ ಕುಟುಂಬವು ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತು.

ಚಾಲನಾ ಪರವಾನಗಿಯ ವಿಷಯದಲ್ಲಿ ಸ್ವಲ್ಪ ಸಮಾಧಾನವಿದೆ. ಟ್ರ್ಯಾಕ್ಟರ್ ಓಡಿಸಲು ಸಿಂಧುವಾದ ಪರವಾನಗಿ ಉಳ್ಳವನು ಅದಕ್ಕೆ ಟ್ರೈಲರ್ ಜೋಡಿಸಿದ ಮಾತ್ರಕ್ಕೆ ಪರವಾನಗಿಯಿಲ್ಲದವನಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2001ರಲ್ಲಿ ನಾಗಶೆಟ್ಟಿ ಪ್ರಕರಣದಲ್ಲಿ ಹೇಳಿದೆ. ಆದರೆ ಆ ತೀರ್ಪು ನೋಂದಣಿಗೂ ವಿಮೆಗೂ ಬದಲಿಯಲ್ಲ.

ದಾಖಲೆಗಳೆಲ್ಲ ಸರಿಯಿದ್ದರೂ ಭಾರದ ನಿಯಮವನ್ನು ಮರೆಯಬಾರದು. ಬುಲೆಟಿನ ತೂಕ ಸುಮಾರು 190 ಕಿಲೋ. ಭಾರದ ಹೆಚ್ಚಿನ ಪಾಲು ಟ್ರೈಲರಿನ ಅಚ್ಚಿನ ಮುಂದಕ್ಕಿರಬೇಕು. ಟ್ರೈಲರು, ಹೇರು ಎರಡರ ಒಟ್ಟು ತೂಕದ ಹತ್ತನೆಯ ಒಂದು ಪಾಲಾದರೂ ಕೊಂಡಿಯ ಮೇಲೆ ಬೀಳಬೇಕು. ಭಾರ ಹಿಂದಕ್ಕೆ ಸರಿದರೆ ವೇಗ ಹೆಚ್ಚಿದಂತೆ ಟ್ರೈಲರು ಬಾಲದಂತೆ ಅತ್ತಿತ್ತ ಬೀಸತೊಡಗಿ ಕಾರನ್ನೇ ಎಳೆದಾಡುತ್ತದೆ. ಬೈಕಿನ ಮುಂಚಕ್ರವನ್ನು ಗೂಟಕ್ಕೆ ಒತ್ತಿ ನಿಲ್ಲಿಸಿ, ನಾಲ್ಕು ಮೂಲೆಗಳಿಗೂ ಪಟ್ಟಿ ಬಿಗಿಯಬೇಕು. ಪಕ್ಕದ ಸ್ಟ್ಯಾಂಡಿನ ಮೇಲೆ ವಾಲಿಸಿ ಒಯ್ಯಬಾರದು. ಕೊಂಡಿಯ ಜತೆಗೆ ಸುರಕ್ಷಾ ಸರಪಳಿ ಇರಬೇಕು. ಕೆಲವು ಕಿಲೋಮೀಟರು ಸಾಗಿದ ಮೇಲೆ ನಿಲ್ಲಿಸಿ ಪಟ್ಟಿಗಳನ್ನು ಮತ್ತೊಮ್ಮೆ ಬಿಗಿಯುವುದು ಜಾಣತನ. ಘಾಟಿ ಇಳಿಯುವಾಗ ಬ್ರೇಕನ್ನು ಮಾತ್ರ ನಂಬದೆ ಕೆಳಗಿನ ಗಿಯರಿನಲ್ಲಿ ಸಾಗಬೇಕು.

ಒಂದೇ ಒಂದು ಪಯಣಕ್ಕಾಗಿ ಇಷ್ಟೆಲ್ಲ ಬೇಕೇ ಎಂದು ಮಗ ಕೇಳಿದರೆ ಆ ಪ್ರಶ್ನೆ ನ್ಯಾಯವಾದುದು. ದಾಖಲೆ ಸರಿಯಿರುವ ಬಾಡಿಗೆಯ ಪಿಕಪ್ ವಾಹನವಿದೆ. ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ಖಾಲಿ ಮಾಡಿ ಕೊಟ್ಟರೆ ರೈಲ್ವೆ ಪಾರ್ಸೆಲಿನ ದಾರಿಯೂ ಇದೆ. ಎಲ್ಲಕ್ಕಿಂತ ಮೇಲೆಂದರೆ, ಗಾಡಿಯನ್ನು ಊರಿನಲ್ಲಿಯೇ ದುರಸ್ತಿ ಮಾಡಿಸಿ, ತಪಾಸಣೆಗೆ ಒಡ್ಡಿ, ನೋಂದಣಿಯನ್ನು ನವೀಕರಿಸಿ, ವಿಮೆ ಮಾಡಿಸಿ ಹೊರಡುವುದು. ಗಡಿ ದಾಟಿದ ಗಾಡಿ 12 ತಿಂಗಳಿಗಿಂತ ಹೆಚ್ಚು ಕಾಲ ಕರ್ನಾಟಕದಲ್ಲಿ ಉಳಿಯುವುದಾದರೆ 47ನೇ ಕಲಮಿನಂತೆ ಅಲ್ಲಿನ ಸಂಖ್ಯೆ ಪಡೆಯಬೇಕು. ಅದಕ್ಕೆ ಇಲ್ಲಿಂದ ನಿರಾಕ್ಷೇಪಣಾ ಪತ್ರವೂ ಬೇಕು.

ಕಾಸರಗೋಡಿನ ಕೆ.ಎಲ್. 14 ಹೋಗಿ ಬೇರೆ ಅಕ್ಷರ ಬರುವಾಗ ಮನಸ್ಸಿಗೆ ಕೊಂಚ ಕಸಿವಿಸಿಯಾದೀತು. ಆದರೆ ಕಾಗದವಿಲ್ಲದ ಟ್ರೈಲರಿನ ಮೇಲೆ ಕಟ್ಟಿಸಿಕೊಂಡು ಹೋಗುವುದಕ್ಕಿಂತ, ತನ್ನದೇ ಚಕ್ರಗಳ ಮೇಲೆ ಹೋಗುವುದು ತಂದೆಯ ಗಾಡಿಗೆ ಹೆಚ್ಚು ಗೌರವ.