ಚಿಪ್ ಬೆಂಗಳೂರಿನದ್ದೇ, ಹಾಕಿಕೊಳ್ಳೋ ಫೋನ್ ಎಲ್ಲಿ? ಸಾಂಖ್ಯ ಲ್ಯಾಬ್ಸ್ ಬೆಳೆದ ದಾರಿ

ಡೇಟಾ ಪ್ಯಾಕ್ ಬೇಡ, ಡಿಶ್ ಬೇಡ, ಕೇಬಲ್ ಬೇಡ. ರೇಡಿಯೊ ಥರ ಗಾಳಿಯಲ್ಲೇ ಸಿಗ್ನಲ್ ಬಂದು ಮೊಬೈಲ್‌ನಲ್ಲಿ ಟಿವಿ ಓಡುತ್ತೆ. ಡೈರೆಕ್ಟ್ ಟು ಮೊಬೈಲ್, ಚಿಕ್ಕದಾಗಿ ಡಿ2ಎಂ ಅನ್ನೋ ಈ ತಂತ್ರಜ್ಞಾನದ ಸುದ್ದಿ ಆಗಾಗ ಬರ್ತಾನೇ ಇದೆ. ಮೊಬೈಲ್ ಅಂಗಡಿಯವರು, ರೀಚಾರ್ಜ್ ಮಾಡೋರು, ಕೇಬಲ್ ಆಪರೇಟರ್‌ಗಳು ಮೂವರಿಗೂ ಸಂಬಂಧಪಟ್ಟ ವಿಷಯ ಇದು. ಆದರೆ ಇದರ ಹಿಂದಿರೋ ಚಿಪ್ ಬೆಂಗಳೂರಿನ ಒಂದು ಕಂಪನಿಯದ್ದು ಅಂತ ಬಹಳ ಜನಕ್ಕೆ ಗೊತ್ತಿಲ್ಲ.

ಆ ಕಂಪನಿ ಸಾಂಖ್ಯ ಲ್ಯಾಬ್ಸ್. 2007ರಲ್ಲಿ ಪರಾಗ್ ನಾಯಕ್, ಹೇಮಂತ್ ಮಲ್ಲಾಪುರ, ವಿಶ್ವಕುಮಾರ ಕಾಯರ್ಗದ್ದೆ ಸೇರಿ ಶುರು ಮಾಡಿದ್ದು. ಚಿಪ್ ಕಂಪನಿ ಅಂದ ತಕ್ಷಣ ದೊಡ್ಡ ಕಾರ್ಖಾನೆ, ನೂರಾರು ಎಕರೆ ಜಾಗ ಕಣ್ಮುಂದೆ ಬರುತ್ತೆ. ಸಾಂಖ್ಯಗೆ ಅದ್ಯಾವುದೂ ಇರಲಿಲ್ಲ. ಇದು ‘ಫ್ಯಾಬ್‌ಲೆಸ್’ ಕಂಪನಿ. ಅಂದರೆ ಚಿಪ್‌ನ ನಕ್ಷೆ ಮಾತ್ರ ಇವರದ್ದು, ತಯಾರಿಕೆ ಬೇರೆಯವರ ಫ್ಯಾಕ್ಟರಿಯಲ್ಲಿ. ರೈತರ ಜಮೀನೂ ಬೇಕಿಲ್ಲ, ಲೋಡುಗಟ್ಟಲೆ ನೀರೂ ಬೇಕಿಲ್ಲ. ಬೇಕಾಗಿದ್ದು ಎಂಜಿನಿಯರ್‌ಗಳು, ಕಂಪ್ಯೂಟರ್, ಮತ್ತೆ ವರ್ಷಗಟ್ಟಲೆ ಕಾಯೋ ದುಡ್ಡು.

ಈ ದುಡ್ಡಿನ ಲೆಕ್ಕ ಲಗ್ನಪತ್ರಿಕೆ ಮುದ್ರಿಸೋ ಪ್ರೆಸ್ಸಿನವರಿಗೆ ಬೇಗ ಅರ್ಥ ಆಗುತ್ತೆ. ಇನ್ನೂರು ಪತ್ರಿಕೆ ಹೊಡೆಸಿದರೂ ಇಪ್ಪತ್ತು ಸಾವಿರ ಹೊಡೆಸಿದರೂ ಡಿಸೈನ್ ಮಾಡಿ ಪ್ಲೇಟ್ ತೆಗೆಯೋ ಖರ್ಚು ಒಂದೇ. ಜಾಸ್ತಿ ಹೊಡೆಸಿದಷ್ಟೂ ಒಂದೊಂದು ಪತ್ರಿಕೆ ಅಗ್ಗ. ಚಿಪ್‌ಗೂ ಹಾಗೇ ‘ಮಾಸ್ಕ್’ ಅನ್ನೋ ಅಚ್ಚು ಬೇಕು. ಆದರೆ ಇಲ್ಲಿ ಡಿಸೈನ್ ಮತ್ತು ಅಚ್ಚಿನ ಖರ್ಚು ಸಾವಿರದಲ್ಲಿ ಮುಗಿಯಲ್ಲ, ಕೋಟಿಗಳಲ್ಲಿ ಹೋಗುತ್ತೆ. ನಕ್ಷೆಯಲ್ಲಿ ಒಂದು ತಪ್ಪು ಉಳಿದರೆ ಅಚ್ಚು ಮತ್ತೆ ತೆಗೀಬೇಕು. ಲಕ್ಷಗಟ್ಟಲೆ ಚಿಪ್‌ಗೆ ಆರ್ಡರ್ ಸಿಕ್ಕರೆ ಮಾತ್ರ ಹಾಕಿದ್ದು ಹುಟ್ಟುತ್ತೆ.

ಸಾಂಖ್ಯ ಇದಕ್ಕೆ ಕಂಡುಕೊಂಡ ದಾರಿ ಜಾಣತನದ್ದು. ಒಂದೊಂದು ದೇಶದಲ್ಲಿ ಟಿವಿ ಪ್ರಸಾರದ ಪದ್ಧತಿ ಒಂದೊಂದು ಥರ. ದೇಶಕ್ಕೊಂದು ಚಿಪ್ ಮಾಡ್ತಾ ಕೂತರೆ ಮನೆ ಹಾಳು. ಅದಕ್ಕೆ ಸಾಫ್ಟ್‌ವೇರ್ ಬದಲಾಯಿಸಿದರೆ ಬೇರೆ ಬೇರೆ ಪದ್ಧತಿಗೆ ಹೊಂದಿಕೊಳ್ಳೋ ಚಿಪ್ ಮೇಲೆ ಕೆಲಸ ಮಾಡಿದರು. ಅಚ್ಚು ಒಂದು, ಗಿರಾಕಿ ಹಲವರು.

ಹಾಗಿದ್ದರೂ ದೊಡ್ಡ ಗಿರಾಕಿ ಭಾರತದಲ್ಲಿ ಸಿಗಲಿಲ್ಲ. ಇಲ್ಲಿ ಮನೆ ಮೇಲಿನ ಆಂಟೆನಾ ಕಾಲ ಮುಗಿದು ಎಲ್ಲರೂ ಕೇಬಲ್, ಡಿಶ್‌ಗೆ ಹೋಗಿಯಾಗಿತ್ತು. ಸಿಕ್ಕಿದ್ದು ಅಮೆರಿಕದ ಸಿಂಕ್ಲೇರ್ ಬ್ರಾಡ್‌ಕಾಸ್ಟ್ ಗ್ರೂಪ್. ಅಲ್ಲಿ ಹೊಸ ತಲೆಮಾರಿನ ಟಿವಿ ಪ್ರಸಾರ ಶುರು ಆಗ್ತಿತ್ತು, ಅದನ್ನ ಹಿಡಿಯೋ ಚಿಪ್ ಮೊಬೈಲ್‌ಗೂ ಬೇಕಿತ್ತು. ಹಾಗೆ ಹುಟ್ಟಿದ್ದು ‘ಪೃಥ್ವಿ-3’. 2018ರ ಡಿಸೆಂಬರ್‌ನಲ್ಲಿ ಆಗಿನ ಟೆಲಿಕಾಂ ಸಚಿವ ಮನೋಜ್ ಸಿನ್ಹಾ ಬಿಡುಗಡೆ ಮಾಡಿದರು. ನಕ್ಷೆ ಬೆಂಗಳೂರಿನದ್ದು, ದುಡ್ಡು ಕೊಟ್ಟ ಗಿರಾಕಿ ಅಮೆರಿಕದವರು, ತಯಾರಿಕೆ ಸ್ಯಾಮ್‌ಸಂಗ್‌ನ ಚಿಪ್ ಫ್ಯಾಕ್ಟರಿಯದ್ದು.

ಸ್ಯಾಮ್‌ಸಂಗ್ ಹೆಸರು ನೆನಪಿರಲಿ, ಮುಂದೆ ಬರುತ್ತೆ.

2022ರಲ್ಲಿ ಕಂಪನಿ ಕೈ ಬದಲಾಯಿತು. ಟಾಟಾ ಗುಂಪಿನ ತೇಜಸ್ ನೆಟ್‌ವರ್ಕ್ಸ್ (ಇದೂ ಬೆಂಗಳೂರಿನದ್ದೇ) ಸಾಂಖ್ಯದ ಶೇ 64.4 ಪಾಲನ್ನ 283.94 ಕೋಟಿ ರೂಪಾಯಿಗೆ ಕೊಂಡಿತು. ಹದಿನೈದು ವರ್ಷ ಬೆವರು ಸುರಿಸಿದ ಕಂಪನಿಗೆ ಇದು ದೊಡ್ಡ ಬೆಲೆಯಾ, ಸಣ್ಣದಾ? ಗುಜರಾತಿನ ಧೋಲೇರಾದಲ್ಲಿ ಟಾಟಾದವರು ಕಟ್ಟುತ್ತಿರೋ ಒಂದು ಚಿಪ್ ಫ್ಯಾಕ್ಟರಿಗೆ ಹಾಕ್ತಿರೋ ಬಂಡವಾಳ 91,000 ಕೋಟಿ. ಅದರ ಮುಂದೆ ಇದು ಚಿಲ್ಲರೆ. ಆದರೆ ಸಾಂಖ್ಯದ ಕಡೆಯಿಂದ ನೋಡಿದರೆ ಬೇರೆ ಥರ ಕಾಣುತ್ತೆ. ಒಂಟಿ ಚಿಪ್ ಕಂಪನಿಗೆ ಪ್ರತಿ ಆರ್ಡರೂ ಜೀವನ್ಮರಣದ ಪ್ರಶ್ನೆ. ತೇಜಸ್‌ಗೆ ಮರುವರ್ಷವೇ ಬಿಎಸ್‌ಎನ್‌ಎಲ್ 4ಜಿ ಟವರ್‌ಗಳ ಉಪಕರಣಕ್ಕೆ ಟಿಸಿಎಸ್ ಮೂಲಕ 7,492 ಕೋಟಿಯ ಆರ್ಡರ್ ಬಂತು. ಅಂಥವರ ನೆರಳು ಸಿಕ್ಕಿದ್ದು ಲಾಭವೇ.

ಸರ್ಕಾರ ಏನು ಮಾಡ್ತು ಅನ್ನೋದೂ ಕೇಳಬೇಕಾದ ಪ್ರಶ್ನೆ. 2021ರ ಡಿಸೆಂಬರ್‌ನಲ್ಲಿ ಕೇಂದ್ರ 76,000 ಕೋಟಿಯ ಸೆಮಿಕಂಡಕ್ಟರ್ ಯೋಜನೆ ಘೋಷಿಸಿತು. ಅದರಲ್ಲಿ ಡಿಸೈನ್ ಕಂಪನಿಗಳಿಗೂ ಪಾಲಿದೆ. ಅರ್ಹ ಖರ್ಚಿನ ಅರ್ಧ ವಾಪಸ್, ಆದರೆ ಒಂದು ಅರ್ಜಿಗೆ 15 ಕೋಟಿ ಮಿತಿ. ಚಿಪ್ ಮಾರಿದ ಮೇಲೆ ಪ್ರೋತ್ಸಾಹಧನ ಇನ್ನೂ 30 ಕೋಟಿವರೆಗೆ. ಫ್ಯಾಕ್ಟರಿ ಕಟ್ಟೋರಿಗೆ ಸಾವಿರಾರು ಕೋಟಿ, ತಲೆ ಓಡಿಸೋರಿಗೆ ಹತ್ತಾರು ಕೋಟಿ. ದುಡ್ಡಾದರೂ ಹೆಂಗೋ ಹೊಂದಿಸಬಹುದು, ಮೊದಲ ಆರ್ಡರ್ ಕೊಡೋದು ಯಾರು ಅನ್ನೋದಕ್ಕೆ ಆ ಯೋಜನೆಯಲ್ಲಿ ಉತ್ತರ ಇಲ್ಲ.

ಡಿ2ಎಂ ಸಿಕ್ಕಿಹಾಕಿಕೊಂಡಿರೋದೂ ಇಲ್ಲೇ. ಸಾಂಖ್ಯ, ಐಐಟಿ ಕಾನ್ಪುರ, ಪ್ರಸಾರ ಭಾರತಿ ಸೇರಿ ಬೆಂಗಳೂರು, ದೆಹಲಿ, ನೊಯ್ಡಾದಲ್ಲಿ ಪ್ರಯೋಗ ಮಾಡಿದರು. ದೇಶದ 28 ಕೋಟಿ ಮನೆಗಳಲ್ಲಿ 19 ಕೋಟಿಗೆ ಮಾತ್ರ ಟಿವಿ ಇದೆ, ಉಳಿದ ಮನೆಗಳಿಗೆ ಇದರಿಂದ ಅನುಕೂಲ ಅಂತ 2024ರ ಜನವರಿಯಲ್ಲಿ ಪ್ರಸಾರ ಇಲಾಖೆ ಕಾರ್ಯದರ್ಶಿ ಹೇಳಿದರು. 19 ನಗರಗಳಲ್ಲಿ ಪರೀಕ್ಷೆ ಅಂತಲೂ ಘೋಷಣೆ ಆಯಿತು. ಆದರೆ ಅದಕ್ಕೂ ಮೊದಲೇ, 2023ರಲ್ಲಿ, ಫೋನ್ ಮತ್ತು ಚಿಪ್ ಕಂಪನಿಗಳು ಅಡ್ಡ ಬಂದಿದ್ದವು. ಹೊಸ ಚಿಪ್, ಆಂಟೆನಾ ಹಾಕಿದರೆ ಒಂದು ಫೋನಿಗೆ 30 ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 2,500 ರೂಪಾಯಿ ಜಾಸ್ತಿ ಆಗುತ್ತೆ ಅನ್ನೋದು ಅವರ ವಾದ. ವಿರೋಧಿಸಿದವರಲ್ಲಿ ಕ್ವಾಲ್‌ಕಾಮ್ ಇತ್ತು, ಸ್ಯಾಮ್‌ಸಂಗೂ ಇತ್ತು. ಸಾಂಖ್ಯದ ಚಿಪ್ ತಯಾರಿಸಿಕೊಟ್ಟ ಅದೇ ಸ್ಯಾಮ್‌ಸಂಗ್! ಒಂದು ಕೈಲಿ ಮಾಡಿಕೊಟ್ಟರು, ಇನ್ನೊಂದು ಕೈಲಿ ಬೇಡ ಅಂದರು. ಮೊಬೈಲ್ ಕಂಪನಿಗಳಿಗೆ ಡೇಟಾ ವ್ಯಾಪಾರ ಕಮ್ಮಿ ಆಗೋ ಭಯ ಬೇರೆ.

ಎಂಟು ಸಾವಿರದ ಫೋನ್ ಕೇಳಿಕೊಂಡು ಬರೋ ಗಿರಾಕಿಗೆ ಎರಡೂವರೆ ಸಾವಿರ ಜಾಸ್ತಿ ಹೇಳಿದರೆ ಏನಾಗುತ್ತೆ ಅಂತ ಅಂಗಡಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ತಯಾರಿಕೆ ಜಾಸ್ತಿ ಆದರೆ ಆ ಖರ್ಚು ಇಳಿಯುತ್ತೆ ಅನ್ನೋದೂ ನಿಜ, ಆದರೆ ಅದು ಮತ್ತೆ ಲಗ್ನಪತ್ರಿಕೆ ಲೆಕ್ಕವೇ. ಮೊದಲು ಯಾರೋ ಲಕ್ಷಗಟ್ಟಲೆ ಕೊಳ್ಳಬೇಕು.

2025ರ ಮೇನಲ್ಲಿ ಲಾವಾ ಮತ್ತು ಎಚ್‌ಎಂಡಿ ಕಂಪನಿಗಳು ಡಿ2ಎಂ ಫೋನ್‌ಗಳನ್ನ ಪ್ರಕಟಿಸಿದವು. ಒಳಗಿರೋದು ಸಾಂಖ್ಯದ ಎಸ್‌ಎಲ್-3000 ಚಿಪ್. ಕೀಪ್ಯಾಡ್ ಫೋನ್‌ಗೂ ಹಾಕಿದ್ದಾರೆ, ಆ ಲೆಕ್ಕದಲ್ಲಿ ಹಳ್ಳಿ ಗಿರಾಕಿಯನ್ನೇ ನೋಡಿ ಮಾಡಿದ್ದು. ಆದರೆ ಫೋನ್ ಒಂದಿದ್ದರೆ ಸಾಲದು, ಹತ್ತಿರದಲ್ಲಿ ಪ್ರಸಾರ ಮಾಡೋ ಟವರ್ ಇರಬೇಕು. ಆ ಪಟ್ಟಿಯಲ್ಲಿ ಮೊದಲು ಇರೋದು ದೊಡ್ಡ ನಗರಗಳು. ತಾಲೂಕು ಕೇಂದ್ರದ ಅಂಗಡಿಯವರು ಈಗಲೇ ಸ್ಟಾಕ್ ತುಂಬಿಸೋಕೆ ಹೋಗಬೇಡಿ. ಕೇಬಲ್‌ನವರು ಗಾಬರಿ ಆಗೋದೂ ಬೇಡ. ಊರಿನ ಹತ್ತಿರ ಪ್ರಸಾರ ಭಾರತಿಯವರು ಟವರ್ ಕೆಲಸ ಶುರು ಮಾಡಿದ ದಿನ ಈ ಲೆಕ್ಕ ಮತ್ತೆ ಹಾಕಬೇಕಾಗುತ್ತೆ.