ದಂಡ ಹೆಚ್ಚಿದರೆ ಬುದ್ಧಿ ಬಂದೀತೇ?

ದಿನಪತ್ರಿಕೆಗಳ ಒಳಪುಟದಲ್ಲಿ ಆಗಾಗ ಒಂದು ಪುಟ್ಟ ಸುದ್ದಿ ಕಾಣಿಸುತ್ತದೆ. ಅಪ್ರಾಪ್ತ ವಯಸ್ಸಿನ ಮಗನಿಗೆ ಬೈಕ್ ಕೊಟ್ಟ ತಂದೆಗೆ 25 ಸಾವಿರ ರೂಪಾಯಿ ದಂಡ ಎಂದು. ಕೆಲವೊಮ್ಮೆ ತಂದೆಯ ಬದಲು ತಾಯಿಯಿರುತ್ತಾಳೆ. ಏಕೆಂದರೆ ಸ್ಕೂಟರಿನ ಆರ್‌ಸಿ ಅವಳ ಹೆಸರಿನಲ್ಲಿರುತ್ತದೆ. ಗಂಡ ಗಲ್ಫಿನಲ್ಲಿರುವ ಮನೆಗಳಲ್ಲಂತೂ ಇದರಲ್ಲಿ ಆಶ್ಚರ್ಯವೇನೂ ಇಲ್ಲ. "ಅಯ್ಯೋ, ಇಷ್ಟೊಂದಾ?" ಎಂದು ನಾವು ಪುಟ ತಿರುಗಿಸುತ್ತೇವೆ.

ಇಷ್ಟೊಂದು ಯಾಕೆ ಎಂಬುದಕ್ಕೆ ಸರಕಾರದ ಉತ್ತರ ಸರಳ. ದಂಡ ಸಣ್ಣದಾದರೆ ಜನ ಹೆದರುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಹೆಲ್ಮೆಟ್ ಇಲ್ಲದವರಿಗೆ 100 ರೂಪಾಯಿ ದಂಡವಿತ್ತು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಮೂವತ್ತು ವರ್ಷ ಕಳೆಯುವಾಗ ಅದು ಒಂದು ಪ್ಲೇಟ್ ಬಿರಿಯಾನಿಯ ದುಡ್ಡಾಗಿತ್ತು. ಹಾಗಾಗಿ 2019ರ ಸೆಪ್ಟೆಂಬರ್ 1ರಿಂದ ಅದನ್ನು 1,000 ರೂಪಾಯಿಗೆ ಏರಿಸಲಾಯಿತು. ಲೈಸೆನ್ಸ್ ಇಲ್ಲದೆ ಓಡಿಸಿದರೆ 500 ಇದ್ದದ್ದು 5,000 ಆಯಿತು. ಕುಡಿದು ಓಡಿಸಿದರೆ 2,000 ಇದ್ದದ್ದು 10,000 ಆಯಿತು. ಜನರು ಗದ್ದಲವೆಬ್ಬಿಸಿದರು. ಗುಜರಾತ್ ದಂಡ ಇಳಿಸಿತು. ಸೆಪ್ಟೆಂಬರ್ ಮುಗಿಯುವ ಮೊದಲೇ ನಮ್ಮ ರಾಜ್ಯವೂ ಹೆಲ್ಮೆಟ್ ದಂಡವನ್ನು 500ಕ್ಕೆ ಇಳಿಸಿತು.

ಇಳಿಸಿದರೂ ಅದು ಹಳೆಯದರ ಐದು ಪಟ್ಟು. ಆದರೆ ಜನ ಬದಲಾದರೇ? ಮೂರು ವರ್ಷಗಳ ನಂತರ, 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ 50,029 ಮಂದಿ ಹೆಲ್ಮೆಟ್ ಹಾಕದವರು. ಅದರಲ್ಲೂ 14 ಸಾವಿರಕ್ಕಿಂತ ಹೆಚ್ಚು ಮಂದಿ ಹಿಂದಿನ ಸೀಟಿನಲ್ಲಿದ್ದವರು. ಆ ಸೀಟಿನಲ್ಲಿ ಹೆಚ್ಚಾಗಿ ಕೂರುವವರು ಯಾರೆಂದು ಸಹೋದರಿಯರಿಗೆ ನಾನು ಹೇಳಬೇಕಾಗಿಲ್ಲ. ಸ್ಕಾರ್ಫ್‌ನ ಮೇಲೆ ಹೆಲ್ಮೆಟ್ ಕೂರುವುದಿಲ್ಲ ಎಂಬ ಮಾತನ್ನು ಬಹಳ ಸಲ ಕೇಳಿದ್ದೇನೆ. ತೆಳುವಾದ ಸ್ಕಾರ್ಫ್ ಕಟ್ಟಿ, ಪಿನ್ನನ್ನು ಕೆಳಗೆ ಹಾಕಿ, ಒಂದು ಸೈಜು ದೊಡ್ಡ ಹೆಲ್ಮೆಟ್ ಕೊಂಡರೆ ಸರಿಯಾಗಿಯೇ ಕೂರುತ್ತದೆ.

ದಂಡದ ಬಗ್ಗೆ ಒಂದು ವಿಚಿತ್ರ ಪ್ರಯೋಗ 1998ರಲ್ಲಿ ಇಸ್ರೇಲಿನ ಹೈಫಾ ನಗರದಲ್ಲಿ ನಡೆಯಿತು. ಅಲ್ಲಿನ ಶಿಶುವಿಹಾರಗಳಲ್ಲಿ ಕೆಲವು ಹೆತ್ತವರು ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುತ್ತಿದ್ದರು. ಆರು ಶಿಶುವಿಹಾರಗಳಲ್ಲಿ, ಹತ್ತು ನಿಮಿಷಕ್ಕಿಂತ ತಡವಾದರೆ ಹತ್ತು ಶೆಕೆಲ್ ದಂಡ ಎಂದು ನಿಯಮ ಮಾಡಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು! ಅದುವರೆಗೆ ಟೀಚರನ್ನು ಕಾಯಿಸಿದೆನಲ್ಲ ಎಂಬ ನಾಚಿಕೆಯಿತ್ತು. ಈಗ ದುಡ್ಡು ಕೊಡುತ್ತೇನಲ್ಲ ಎಂಬ ಧೈರ್ಯ ಬಂತು. ಆಮೇಲೆ ದಂಡವನ್ನು ರದ್ದು ಮಾಡಿದರೂ ಹೋದ ನಾಚಿಕೆ ವಾಪಸು ಬರಲಿಲ್ಲ. ಸಣ್ಣ ದಂಡವನ್ನು ಜನರು ಬಾಡಿಗೆಯಂತೆ ಕಟ್ಟಿಬಿಡುತ್ತಾರೆ.

ಹಾಗಾದರೆ ದೊಡ್ಡ ದಂಡವೇ ಸರಿಯೇ? ಸರಿಯಾಗಬಹುದು. ಆದರೆ ಹಾಕಿದ ದಂಡವನ್ನು ವಸೂಲು ಮಾಡಬೇಕು. ನಮ್ಮಲ್ಲಿ ಏನಾಯಿತು? ಬಾಕಿ ಬೆಟ್ಟದಂತೆ ಬೆಳೆಯಿತು. 2023ರ ಫೆಬ್ರವರಿಯಲ್ಲಿ ಅರ್ಧ ಕಟ್ಟಿದರೆ ಸಾಕು ಎಂದು ರಿಯಾಯಿತಿ ಕೊಟ್ಟರು. ಜನ ಮುಗಿಬಿದ್ದರು, ನೂರು ಕೋಟಿಗೂ ಹೆಚ್ಚು ಹಣ ಬಂತು. ರಿಯಾಯಿತಿ ಅಲ್ಲಿಗೇ ನಿಲ್ಲಲಿಲ್ಲ. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರ ತನಕ ಮತ್ತೆ ಅರ್ಧ ಬೆಲೆ! ಹಬ್ಬದ ಸೇಲ್‌ಗೆ ಕಾದು ಕೂರುವ ನಮಗೆ ಇದಕ್ಕೂ ಕಾಯಲು ಕಲಿಸಿಕೊಡಬೇಕೇ? ದಂಡ ಹಾಕಿದ ಮರುದಿನವೇ ಪೂರ್ತಿ ಕಟ್ಟಿದವನು ಮಾತ್ರ ಇದರಲ್ಲಿ ದಡ್ಡನಾದ.

ಇನ್ನೊಂದು ಮಾತು. 500 ರೂಪಾಯಿ ಎಲ್ಲರಿಗೂ ಒಂದೇ ಅಲ್ಲ. ಕಾರಿನವನಿಗೆ ಅದು ಪೆಟ್ರೋಲಿನ ಚಿಲ್ಲರೆ. ಮೀನು ಮಾರುವವನಿಗೆ ಆ ದಿನದ ಅಕ್ಕಿ, ಹಾಲು, ಮಗುವಿನ ಔಷಧಿ ಎಲ್ಲವೂ ಅದರಲ್ಲೇ. ಫಿನ್ಲೆಂಡಿನಲ್ಲಿ 1921ರಿಂದಲೇ ಆದಾಯಕ್ಕೆ ತಕ್ಕಂತೆ ದಂಡ ಹಾಕುವ ಪದ್ಧತಿಯಿದೆ. 2023ರಲ್ಲಿ ಆಂಡರ್ಸ್ ವಿಕ್ಲಾಫ್ ಎಂಬ ಶ್ರೀಮಂತ ಉದ್ಯಮಿ 50 ಕಿಲೋಮೀಟರ್ ಮಿತಿಯ ರಸ್ತೆಯಲ್ಲಿ 82ರ ವೇಗದಲ್ಲಿ ಓಡಿಸಿ 1,21,000 ಯೂರೋ ದಂಡ ತೆತ್ತರು. ನಮ್ಮ ದೇಶದಲ್ಲಿ ಎಲ್ಲರ ಆದಾಯದ ಲೆಕ್ಕ ಸಿಗುವುದು ಕಷ್ಟ, ಒಪ್ಪುತ್ತೇನೆ. ಆದರೆ ದಂಡ ಏರಿಸುವಾಗ ಯಾರ ಬೆನ್ನಿಗೆ ಪೆಟ್ಟು ಬೀಳುತ್ತದೆ ಎಂದು ಯೋಚಿಸಲಾದರೂ ಅಡ್ಡಿಯಿಲ್ಲವಲ್ಲ?

ಮದ್ರಸದಲ್ಲಿ ಫಿಕ್ಹ್ ಓದಿದವರಿಗೆ ಈ ಚರ್ಚೆ ಹೊಸದಲ್ಲ. ತಪ್ಪು ಮಾಡಿದವನಿಂದ ಹಣ ಕಿತ್ತುಕೊಳ್ಳುವ ಶಿಕ್ಷೆ ಸರಿಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಇಮಾಮ್ ಅಬೂ ಹನೀಫಾ(ರ) ಒಪ್ಪಲಿಲ್ಲ. ಅವರ ಶಿಷ್ಯ ಇಮಾಮ್ ಅಬೂ ಯೂಸುಫ್(ರ) ಒಪ್ಪಿದರು. ಆದರೆ ಆ ಮಾತಿಗೆ ಹನಫಿ ವಿದ್ವಾಂಸರು ಕೊಟ್ಟ ವಿವರಣೆ ಗಮನಾರ್ಹ: ಹಣವನ್ನು ಸ್ವಲ್ಪ ಕಾಲ ತಡೆಹಿಡಿಯಬೇಕು, ಅವನು ತಿದ್ದಿಕೊಂಡ ಮೇಲೆ ಹಿಂದಿರುಗಿಸಬೇಕು, ಆಡಳಿತಗಾರ ಅದನ್ನು ತನಗಾಗಲೀ ಬೈತುಲ್ ಮಾಲ್‌ಗಾಗಲೀ ಸೇರಿಸಿಕೊಳ್ಳಬಾರದು. ಇಲ್ಲದಿದ್ದರೆ ಅಕ್ರಮಿಗಳಾದ ಅಧಿಕಾರಿಗಳಿಗೆ ಜನರ ಸೊತ್ತಿನ ಮೇಲೆ ಕೈಹಾಕಲು ದಾರಿಯಾಗುತ್ತದೆ ಎಂಬುದು ಅವರ ಭಯ. ಇಮಾಮ್ ಇಬ್ನು ತೈಮಿಯ್ಯಾ(ರ) ಅವರಂಥವರು ಹಣದ ದಂಡವನ್ನು ಸರಿಯೆಂದರು. ಯಾರ ಮಾತು ಬಲವಾದದ್ದು ಎಂಬುದು ಬೇರೆ ವಿಷಯ. ಬಂದ ಕೋಟಿಗಳನ್ನೇ ಸಾಧನೆಯೆಂದು ಹೇಳುವಾಗ ಮಾತ್ರ ಆ ಹಳೆಯ ಭಯ ನನಗೆ ನೆನಪಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಆ 25 ಸಾವಿರದ ದಂಡ ಹೆಚ್ಚಾಯಿತು ಎಂದು ನಾನು ಹೇಳಲಾರೆ. ನಮ್ಮ ಶಾಲೆಯ ಗೇಟಿನೊಳಗೆ ವಿದ್ಯಾರ್ಥಿಗಳು ವಾಹನ ತರುವಂತಿಲ್ಲ. ಆದ್ದರಿಂದ ಒಂಬತ್ತು, ಹತ್ತನೇ ತರಗತಿಯ ಹುಡುಗರು ಆಚೆ ಗಲ್ಲಿಯಲ್ಲಿ ನಿಲ್ಲಿಸಿ ನಡೆದು ಬರುತ್ತಾರೆ. ಕೇಳಿದರೆ, "ಉಮ್ಮನೇ ಕೊಟ್ಟದ್ದು ಸರ್" ಎನ್ನುತ್ತಾರೆ. ಅಂಗಡಿಗೆ, ಮಸೀದಿಗೆ, ಟ್ಯೂಷನ್‌ಗೆ ಎಂದು ಶುರುವಾದದ್ದು ಹೈವೇಗೆ ಹೋಗಿ ಮುಟ್ಟುತ್ತದೆ.

ಗೇರ್ ಇಲ್ಲದ ಸ್ಕೂಟರಿಗೆ ಹದಿನಾರು ವರ್ಷ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಆ ವಿನಾಯಿತಿ 50 ಸಿಸಿ ಮೀರದ ವಾಹನಕ್ಕೆ ಮಾತ್ರ, ಅದಕ್ಕೂ ಲೈಸೆನ್ಸ್ ಬೇಕು. ನಮ್ಮ ಮನೆಗಳಲ್ಲಿರುವ ಪೆಟ್ರೋಲ್ ಸ್ಕೂಟರುಗಳು ಹೆಚ್ಚಿನವು ನೂರು ಸಿಸಿಗಿಂತ ಮೇಲಿನವು. ಅಪ್ರಾಪ್ತರು ಓಡಿಸಿದರೆ 25 ಸಾವಿರದ ಜೊತೆಗೆ ಹೆತ್ತವರಿಗೆ ಅಥವಾ ಮಾಲೀಕರಿಗೆ ಮೂರು ವರ್ಷಗಳ ತನಕ ಜೈಲು ಆಗಬಹುದು. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ. ಡ್ರೈವರ್ ಕೆಲಸಕ್ಕೆ ವಿದೇಶಕ್ಕೆ ಕಳಿಸುವ ಆಲೋಚನೆಯಿದ್ದರೆ ಅದನ್ನೂ ಮರೆಯಬೇಕು. ನನಗೆ ಗೊತ್ತಿರಲಿಲ್ಲ, ಅವನೇ ಒಯ್ದದ್ದು ಎಂದರೆ ಅದನ್ನು ನ್ಯಾಯಾಲಯದಲ್ಲಿ ನಾವೇ ಸಾಬೀತುಪಡಿಸಬೇಕು.

ಇದಕ್ಕಿಂತ ದೊಡ್ಡ ಹೊರೆ ಇನ್ನೊಂದಿದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ಲೈಸೆನ್ಸ್ ಇಲ್ಲದ ಹುಡುಗ ಯಾರಿಗಾದರೂ ಗುದ್ದಿದರೆ ವಿಮಾ ಕಂಪೆನಿ ಕೈತೊಳೆದುಕೊಳ್ಳಬಹುದು. ಗಾಯಾಳುವಿಗೆ ಕಂಪೆನಿ ಪರಿಹಾರ ಕೊಟ್ಟು, ಆ ಹಣವನ್ನು ವಾಹನದ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಹೇಳಿದ ಉದಾಹರಣೆಗಳು ಬೇಕಾದಷ್ಟಿವೆ. ಆ ಮೊತ್ತ ಸಾವಿರಗಳಲ್ಲಿ ಅಲ್ಲ, ಲಕ್ಷಗಳಲ್ಲಿ ಇರುತ್ತದೆ. ಅದಕ್ಕೆ ಅರ್ಧ ಬೆಲೆಯ ರಿಯಾಯಿತಿ ಇಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆ ಎಂದು ಇಂದೇ ಒಮ್ಮೆ ತೆಗೆದು ನೋಡಿ.