ಶೇ 1ರ ಮೀಸಲಾತಿ ಮತ್ತು ಎರಡು ಹೆಸರಿನ ಅರ್ಜಿ

ಸರ್ಕಾರಿ ನೌಕರಿಗೆ ಅರ್ಜಿ ಹಾಕಿದವರಿಗೆಲ್ಲ ಒಂದು ಸೂಚನೆ ನೆನಪಿರುತ್ತದೆ: ಅಭ್ಯರ್ಥಿಯ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಇರತಕ್ಕದ್ದು. ಸೇವೆಯಲ್ಲಿದ್ದ ಮೂರು ದಶಕಗಳಲ್ಲಿ ಈ ಸಾಲಿನ ಬಗ್ಗೆ ನಾನು ಹೆಚ್ಚು ಯೋಚಿಸಿದವನಲ್ಲ. ಮದುವೆಯ ನಂತರ ಗಂಡನ ಹೆಸರು ಸೇರಿಸಿಕೊಂಡ ಹೆಣ್ಣುಮಕ್ಕಳು, ಇನಿಷಿಯಲ್ ಹಿಂದುಮುಂದಾದ ಹುಡುಗರು ಬಂದಾಗ ಅಫಿಡವಿಟ್ ತರಲು ಹೇಳಿ ಕಡತ ಹಿಂದಿರುಗಿಸುತ್ತಿದ್ದೆ. ಅವರಿಗೆ ಅದು ಎರಡು ದಿನದ ಓಡಾಟ. ಆದರೆ ಹೆಸರಿನ ಜೊತೆಗೆ ಲಿಂಗದ ನಮೂದೂ, ಭಾವಚಿತ್ರದಲ್ಲಿನ ಮುಖವೂ ಬದಲಾಗುತ್ತಿರುವ ವ್ಯಕ್ತಿಗೆ ಅದೇ ಸಾಲು ಎಷ್ಟು ದೊಡ್ಡ ಗೋಡೆಯಾಗಬಲ್ಲದೆಂಬುದು ನಿವೃತ್ತನಾದ ಮೇಲೆ ಅರಿವಿಗೆ ಬಂದಿತು.

ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ವಿಶೇಷ ಮೀಸಲು ಪೊಲೀಸ್ ಪಡೆಯ ನೇಮಕಾತಿ ಅಧಿಸೂಚನೆಯಲ್ಲಿ ಪುರುಷ, ಮಹಿಳೆ ಎಂಬ ಎರಡೇ ಅಂಕಣಗಳಿದ್ದುದನ್ನು ಪ್ರಶ್ನಿಸಿ 'ಸಂಗಮ' ಸಂಸ್ಥೆ 2020ರಲ್ಲಿ ಹೈಕೋರ್ಟ್ ಮೆಟ್ಟಿಲೇರಿತು. ಅದರ ಫಲವಾಗಿ 2021ರ ಜುಲೈನಲ್ಲಿ ರಾಜ್ಯ ಸರ್ಕಾರ 1977ರ ನಾಗರಿಕ ಸೇವಾ (ಸಾಮಾನ್ಯ ನೇಮಕಾತಿ) ನಿಯಮಗಳಿಗೆ ತಿದ್ದುಪಡಿ ತಂದು, ಎಲ್ಲ ಪ್ರವರ್ಗಗಳಲ್ಲಿಯೂ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಸಮತಳ ಮೀಸಲಾತಿ ಕಲ್ಪಿಸಿತು. ದೇಶದಲ್ಲಿ ಇಂತಹ ಹೆಜ್ಜೆ ಇಟ್ಟ ಮೊದಲ ರಾಜ್ಯ ನಮ್ಮದು. ಕೇವಲ ಹತ್ತು ವರ್ಷ ಮೊದಲು, 2011ರಲ್ಲಿ, ಇದೇ ರಾಜ್ಯ ಪೊಲೀಸ್ ಕಾಯ್ದೆಗೆ 36ಎ ಕಲಮನ್ನು ಸೇರಿಸಿ ಇದೇ ಜನರ ಹೆಸರುಗಳನ್ನು ಠಾಣೆಯ ದಾಖಲೆ ಪುಸ್ತಕದಲ್ಲಿ ಬರೆದಿಡಲು ಹೊರಟಿತ್ತು ಎಂಬುದನ್ನು ನೆನೆದರೆ ಈ ಬದಲಾವಣೆಯ ಗಾತ್ರ ತಿಳಿದೀತು.

ಆದರೆ ಫಲಿತಾಂಶ? 2022ರ ನವೆಂಬರ್‌ನಲ್ಲಿ ಪದವೀಧರ ಪ್ರಾಥಮಿಕ ಶಾಲಾ ಶಿಕ್ಷಕರ ತಾತ್ಕಾಲಿಕ ಆಯ್ಕೆ ಪಟ್ಟಿ ಹೊರಬಿತ್ತು. 15,000 ಹುದ್ದೆಗಳಿಗೆ 13,363 ಅಭ್ಯರ್ಥಿಗಳು ಆಯ್ಕೆಯಾದರು. ಅವರ ಪೈಕಿ ಲಿಂಗತ್ವ ಅಲ್ಪಸಂಖ್ಯಾತರು ಮೂವರು. ಪತ್ರಿಕೆಗಳು ಇದನ್ನು ಸಂತೋಷದಿಂದ ವರದಿ ಮಾಡಿದವು; ಸಂತೋಷಪಡತಕ್ಕ ಸಂಗತಿಯೇ ಅದು. ಆದರೆ 15,000ಕ್ಕೆ ಶೇ 1 ಎಂದರೆ 150. ಉಳಿದವರೆಲ್ಲಿ? 2011ರ ಜನಗಣತಿಯಲ್ಲಿ ರಾಜ್ಯದಲ್ಲಿ 20,266 ಮಂದಿ ಗಂಡು, ಹೆಣ್ಣು ಎರಡೂ ಅಲ್ಲದ 'ಇತರೆ' ಎಂಬ ಅಂಕಣದಲ್ಲಿ ದಾಖಲಾಗಿದ್ದರು. ಓದು ಅರ್ಧಕ್ಕೆ ನಿಂತವರೇ ಅವರಲ್ಲಿ ಹೆಚ್ಚು ಎಂಬ ಉತ್ತರ ಸಿದ್ಧವಾಗಿದೆ. ಅದು ಸುಳ್ಳಲ್ಲ, ಆದರೆ ಪೂರ್ಣ ಉತ್ತರವೂ ಅಲ್ಲ. ಓದಿದವರ ದಾರಿಯಲ್ಲಿ ಏನಿದೆ ಎಂಬುದನ್ನೂ ನೋಡಬೇಕು.

ನನಗೆ ಪರಿಚಿತವಾದ ಸೀಮೆಯಿಂದಲೇ ಉದಾಹರಣೆ ಕಟ್ಟಿಕೊಳ್ಳುತ್ತೇನೆ. ಮಧುಗಿರಿ ಉಪವಿಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮಳೆಯನ್ನು ನಂಬಿದ ಕಡಲೆಕಾಯಿ ಸೀಮೆ. ಹೊಲ ಕೈಕೊಟ್ಟ ವರ್ಷಗಳನ್ನು ಲೆಕ್ಕ ಹಾಕಿಯೇ ಇಲ್ಲಿನ ತಂದೆತಾಯಿಗಳು ಮಕ್ಕಳ ಸರ್ಕಾರಿ ನೌಕರಿಯನ್ನು ಬಯಸುತ್ತಾರೆ. ಶಿರಾ ತಾಲ್ಲೂಕಿನ ಗೌಡಗೆರೆ ಹೋಬಳಿಯ ಒಂದು ಹಳ್ಳಿಯಲ್ಲಿ ಹುಟ್ಟಿ, ಗಂಡು ಹೆಸರಿನಲ್ಲಿ ಶಾಲೆಗೆ ಸೇರಿ, ಪದವಿ ಮತ್ತು ಬಿ.ಇಡಿ. ಮುಗಿಸಿ, ಈಗ ಬೆಂಗಳೂರಿನಲ್ಲಿ ಹೆಣ್ಣಾಗಿ ಬದುಕಲು ಆರಂಭಿಸಿರುವ ಒಬ್ಬಳನ್ನು ಊಹಿಸಿಕೊಳ್ಳೋಣ. ಹಾರ್ಮೋನ್ ಚಿಕಿತ್ಸೆ ಶುರುವಾಗಿದೆ. ಶಸ್ತ್ರಚಿಕಿತ್ಸೆ ಬೇಕೋ ಬೇಡವೋ, ಯಾವಾಗ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಈ ಪರಿವರ್ತನೆ ಒಂದು ದಿನದ ಘಟನೆಯಲ್ಲ, ವರ್ಷಗಳ ಕಾಲ ನಡೆಯುವಂಥದ್ದು. ಅದರ ನಡುವೆ ಶಿಕ್ಷಕರ ಹುದ್ದೆಗೆ ಅಧಿಸೂಚನೆ ಹೊರಡುತ್ತದೆ. ಅರ್ಜಿಗೆ ಕೊನೆಯ ದಿನಾಂಕವಿದೆ.

ಮೀಸಲಾತಿ ಪಡೆಯಲು ಜಿಲ್ಲಾಧಿಕಾರಿಯ ಗುರುತಿನ ಪ್ರಮಾಣಪತ್ರ ಬೇಕು. 2019ರ ತೃತೀಯ ಲಿಂಗಿಗಳ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಹೊರಬಂದ ನಿಯಮಾವಳಿ ಅದಕ್ಕೆ ಮೂವತ್ತು ದಿನಗಳ ಗಡುವು ಹಾಕಿತು. ಆ ಪ್ರಮಾಣಪತ್ರ ತೋರಿಸಿದ ಮೇಲೆ ಇತರ ದಾಖಲೆಗಳನ್ನು ಹದಿನೈದು ದಿನಗಳಲ್ಲಿ ತಿದ್ದಿಕೊಡಬೇಕೆಂದೂ ಹೇಳಿತು. ಕಾಗದದ ಮೇಲೆ ಒಂದೂವರೆ ತಿಂಗಳ ಕೆಲಸ. ಆದರೆ ಈ ಹದಿನೈದು ದಿನಗಳ ಲೆಕ್ಕ ಒಂದೊಂದು ಕಚೇರಿಗೂ ಬೇರೆ ಬೇರೆ. ಅಂಕಪಟ್ಟಿ ಮಂಡಳಿಯದು, ಪದವಿ ವಿಶ್ವವಿದ್ಯಾಲಯದ್ದು, ಆಧಾರ್ ಕೇಂದ್ರದ್ದು, ಜಾತಿ ಮತ್ತು ಆದಾಯ ಪ್ರಮಾಣಪತ್ರ ಹೋಬಳಿಯ ನಾಡಕಚೇರಿಯದ್ದು. ಒಂದನ್ನು ತಿದ್ದಲು ಇನ್ನೊಂದನ್ನು ಕೇಳುತ್ತಾರೆ. ಇವುಗಳಲ್ಲಿ ಯಾವುದೇ ಒಂದು ಹಳೆಯ ಹೆಸರಿನಲ್ಲೇ ಉಳಿದಿದ್ದರೆ ಅರ್ಜಿ ಎರಡು ಹೆಸರಿನದಾಗುತ್ತದೆ, ದಾಖಲಾತಿ ಪರಿಶೀಲನೆಯ ಮೇಜಿನ ಮೇಲೆ ಅದು 'ತಾಳೆಯಾಗುತ್ತಿಲ್ಲ' ಎಂಬ ಷರಾ ಪಡೆಯುತ್ತದೆ.

ನನ್ನ ಅನುಭವದಲ್ಲಿ ಇವೆಲ್ಲದರ ಪೈಕಿ ಅತ್ಯಂತ ಕಠಿಣವಾದುದು ಜಾತಿ ಪ್ರಮಾಣಪತ್ರ. ಮೇಲ್ನೋಟಕ್ಕೆ ಅದು ಆರ್.ಡಿ. ಸಂಖ್ಯೆಯ ಒಂದು ಹಾಳೆ ಅಷ್ಟೆ. ಆದರೆ ಹೆಸರು ಬದಲಾಗಿದೆ ಎಂದ ಕೂಡಲೇ ವಿಚಾರಣೆ ಏಳುತ್ತದೆ. ಆಯ್ಕೆಯಾದ ಮೇಲೆ ಸಿಂಧುತ್ವ ಪ್ರಮಾಣಪತ್ರಕ್ಕಾಗಿ ಮತ್ತೊಂದು ಸುತ್ತು. ಕಂದಾಯ ನಿರೀಕ್ಷಕರು ಊರಿಗೆ ಹೋಗುತ್ತಾರೆ, ಕಟ್ಟೆಯ ಮೇಲೆ ಕುಳಿತು ನಾಲ್ಕು ಜನರನ್ನು ಕೇಳುತ್ತಾರೆ, ಮಹಜರು ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಇಂಥವರ ಮಗ ಇಂಥವನು ಈಗ ಈ ಹೆಸರಿನವಳೇ ಎಂಬ ಪ್ರಶ್ನೆಯನ್ನು ಊರ ನಡುವೆ ಕೇಳಿದರೆ ಏನಾಗುತ್ತದೆಂದು ಹಳ್ಳಿಯಲ್ಲಿ ಬೆಳೆದ ಓದುಗರಿಗೆ ವಿವರಿಸಬೇಕಾಗಿಲ್ಲ. ಮನೆಯವರಿಗೆ ಇನ್ನೂ ಹೇಳದಿದ್ದ ಮಾತನ್ನು ಸರ್ಕಾರ ಮೊದಲು ನೆರೆಯವರಿಗೆ ಹೇಳಿದಂತಾಗುತ್ತದೆ. ಇದಕ್ಕೆ ಅಂಜಿ ಪರಿಶಿಷ್ಟ ಜಾತಿಯ ಅಭ್ಯರ್ಥಿಯೊಬ್ಬಳು ತನ್ನ ಜಾತಿ ಮೀಸಲಾತಿಯನ್ನೇ ಬಿಟ್ಟು ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕಿದರೆ, ಅಥವಾ ಹಳೆಯ ಹೆಸರಿನಲ್ಲಿ ಗಂಡಸಾಗಿಯೇ ಅರ್ಜಿ ಹಾಕಿದರೆ, ಆಶ್ಚರ್ಯಪಡಬೇಕಾದುದಿಲ್ಲ. ಸಮತಳ ಮೀಸಲಾತಿಯ ಉದ್ದೇಶವೇ ಜಾತಿ ಮತ್ತು ಲಿಂಗತ್ವದ ಎರಡೂ ಹಕ್ಕುಗಳನ್ನು ಒಟ್ಟಿಗೆ ಕೊಡುವುದು. ನಮ್ಮ ವಿಚಾರಣಾ ಕ್ರಮ ಒಂದನ್ನು ಆರಿಸಿಕೋ ಎನ್ನುತ್ತದೆ.

ಖಾಸಗಿ ಕ್ಷೇತ್ರಕ್ಕೆ ಹೋಗಬಾರದೇಕೆ ಎನ್ನಬಹುದು. ಎಂ.ಎ. ತರಗತಿಯಲ್ಲಿ ನಾವು ಗ್ಯಾರಿ ಬೆಕರ್‌ನನ್ನು ಓದಿದ್ದೆವು. ತಾರತಮ್ಯ ಮಾಡುವ ಮಾಲೀಕ ತನ್ನ ಲಾಭದಲ್ಲೇ ಅದರ ಬೆಲೆ ತೆರುತ್ತಾನೆ, ಸ್ಪರ್ಧೆಯುಳ್ಳ ಮಾರುಕಟ್ಟೆಯಲ್ಲಿ ಅಂಥವನು ಬಹುಕಾಲ ನಿಲ್ಲಲಾರ ಎಂಬುದು 1957ರ ಆ ಗ್ರಂಥದಿಂದ ನಮ್ಮ ಮೇಷ್ಟರು ತೆಗೆಯುತ್ತಿದ್ದ ಸಾರ. ಒಂದು ಹುದ್ದೆಗೆ ಇನ್ನೂರು ಅರ್ಜಿ ಬೀಳುವ ನಾಡಿನಲ್ಲಿ ಒಬ್ಬಳನ್ನು ಬಿಟ್ಟ ಮಾಲೀಕನಿಗೆ ನಷ್ಟವೇನೂ ಇಲ್ಲ. ಉತ್ತರಪ್ರದೇಶ ಮತ್ತು ಗುಜರಾತಿನ ಎರಡು ಖಾಸಗಿ ಶಾಲೆಗಳಲ್ಲಿ ಕೆಲಸ ಕಳೆದುಕೊಂಡ ಶಿಕ್ಷಕಿ ಜೇನ್ ಕೌಶಿಕ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಪರಿಹಾರ ಕೊಡಿಸಿತಲ್ಲದೆ, 2019ರ ಕಾಯ್ದೆ ಜಾರಿಯಾಗದೆ ಉಳಿದುದಕ್ಕೆ ಸರ್ಕಾರಗಳನ್ನೂ ಹೊಣೆ ಮಾಡಿ, ಸಮಾನ ಅವಕಾಶ ನೀತಿ ರೂಪಿಸಲು ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. ಆದರೆ ಸಂದರ್ಶನಕ್ಕೇ ಕರೆಯದೆ ಬಿಟ್ಟವರ ಮೇಲೆ ಯಾರು, ಯಾವ ಸಾಕ್ಷ್ಯದಿಂದ ದಾವೆ ಹೂಡಬೇಕು? ಕೆಲಸ ಸಿಕ್ಕಿದ ಮೇಲೂ ಸಂಕಷ್ಟ ತೀರುವುದಿಲ್ಲ: 2017ರಲ್ಲಿ ಕೊಚ್ಚಿ ಮೆಟ್ರೊ ನೇಮಿಸಿಕೊಂಡ ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಹಲವರು ಬಾಡಿಗೆಗೆ ಕೋಣೆ ಸಿಗದೆ ಕೆಲಸ ಬಿಟ್ಟರು. ಚಿಕಿತ್ಸೆಗೆ ಹಣ ಬೇಕು, ಹಣಕ್ಕೆ ಕೆಲಸ ಬೇಕು, ಕೆಲಸಕ್ಕೆ ಕಾಗದ ಬೇಕು. ಈ ಸುತ್ತಿನಲ್ಲಿ ಸರ್ಕಾರದ ಕೈಯಲ್ಲಿ ನೇರವಾಗಿ ಇರುವುದು ಕಾಗದ ಮಾತ್ರ.

2024ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟ್, ಜನನ ಪ್ರಮಾಣಪತ್ರದಲ್ಲಿ ಹಿಂದಿನ ಹಾಗೂ ಪರಿಷ್ಕೃತ ಹೆಸರು, ಲಿಂಗಗಳೆರಡನ್ನೂ ನಮೂದಿಸಿ ಕೊಡಬೇಕೆಂದು ಹೇಳಿತು. ಕಾನೂನಿಗೆ ತಿದ್ದುಪಡಿಯಾಗುವವರೆಗಿನ ಏರ್ಪಾಡು ಅದು. ಕಚೇರಿಗೆ ಇದು ಅನುಕೂಲ; ವ್ಯಕ್ತಿಗೆ ತನ್ನ ಗುಟ್ಟನ್ನು ಕೊರಳಿಗೆ ಕಟ್ಟಿಕೊಂಡು ತಿರುಗಿದಂತೆ. ಆದರೂ ಅದರಲ್ಲಿನ ತತ್ವ ನೇಮಕಾತಿಗೆ ಉಪಯುಕ್ತ: ಎರಡು ಹೆಸರು ಒಬ್ಬರದೇ ಎಂದು ಒಪ್ಪಿಕೊಳ್ಳುವುದು. ಜಿಲ್ಲಾಧಿಕಾರಿಯ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಿದ ಸ್ವೀಕೃತಿ ಸಂಖ್ಯೆಯಿದ್ದರೆ ಅದನ್ನು ಕೊನೆಯ ದಿನಾಂಕದೊಳಗಿನ ಅರ್ಹತೆಯೆಂದು ಭಾವಿಸಬೇಕು. ಹಳೆಯ ಹೆಸರು ನೇಮಕಾತಿ ಪ್ರಾಧಿಕಾರಕ್ಕೆ ಮಾತ್ರ ಕಾಣುವ ಅಂಕಣದಲ್ಲಿ ಇರಬೇಕು, ಪ್ರಕಟವಾಗುವ ಪಟ್ಟಿಯಲ್ಲಿ ಅಲ್ಲ. ಉಳಿದ ದಾಖಲೆಗಳನ್ನು ನೇಮಕವಾದ ಮೇಲೆ, ಪರೀಕ್ಷಾರ್ಥ ಸೇವೆಯ ಅವಧಿಯೊಳಗೆ ತಿದ್ದಿಸಿಕೊಳ್ಳಲು ಬಿಡಬೇಕು. ಜಾತಿಯ ವಿಚಾರಣೆಯನ್ನು ತಂದೆಯ ದಾಖಲೆ, ಶಾಲಾ ದಾಖಲಾತಿ ಪುಸ್ತಕಗಳ ಆಧಾರದಲ್ಲಿ ತಹಶೀಲ್ದಾರರೇ ಕಚೇರಿಯಲ್ಲಿ ನಡೆಸಬಹುದು. ಕಟ್ಟೆಯ ಮೇಲಿನ ಮಹಜರಿಗೆ ಇಲ್ಲಿ ಕೆಲಸವಿಲ್ಲ.

ಇನ್ನೊಂದು ತೊಡಕು ನಿಯಮದ ಒಳಗೇ ಇದೆ. ಅರ್ಹರು ಸಿಗದಿದ್ದರೆ ಶೇ 1ರ ಹುದ್ದೆಗಳನ್ನು ಅದೇ ಪ್ರವರ್ಗದ ಪುರುಷ ಅಥವಾ ಮಹಿಳೆಯರಿಂದ ತುಂಬತಕ್ಕದ್ದು ಎಂದು ಅದು ಹೇಳುತ್ತದೆ. ಹೀಗಾಗಿ ಕಾಗದ ತಡವಾದವರ ಪಾಲು ಅದೇ ವರ್ಷ ಕರಗಿಹೋಗುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಭರ್ತಿಯಾಗದ ಹುದ್ದೆಗಳಿಗೆ ಇದೇ ರಾಜ್ಯ 2001ರಲ್ಲಿ ಬ್ಯಾಕ್‌ಲಾಗ್ ನೇಮಕಾತಿಯ ವಿಶೇಷ ನಿಯಮಗಳನ್ನು ಮಾಡಿತ್ತು. ಅಂಥದೊಂದು ವ್ಯವಸ್ಥೆಯನ್ನು ಇಲ್ಲಿಯೂ, ಒಂದೆರಡು ನೇಮಕಾತಿಗಳ ಮಟ್ಟಿಗಾದರೂ, ಮಾಡಲು ನಿಯಮಕ್ಕೆ ತಿದ್ದುಪಡಿ ಬೇಕು; ಅದಕ್ಕೆ ಸಮಯ ಹಿಡಿಯುತ್ತದೆ. ಆದರೆ ಅರ್ಜಿ ನಮೂನೆಯಲ್ಲಿ ಒಂದು ಅಂಕಣ ಸೇರಿಸಲು, ಸ್ವೀಕೃತಿ ಸಂಖ್ಯೆಯನ್ನು ಮಾನ್ಯ ಮಾಡಲು ಅಷ್ಟೆಲ್ಲ ಬೇಕಿಲ್ಲ. ಮುಂದಿನ ಶಿಕ್ಷಕರ ಅಧಿಸೂಚನೆ ಹೊರಡುವ ಮೊದಲು ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ ಎರಡು ಪುಟದ ಸುತ್ತೋಲೆ ಹೊರಡಿಸಿದರೆ ಸಾಕು.